ಆಷಾಢದ ಎಣ್ಣೆ

ಮಂಚಮ್ಮನ ಬೋಂಡಾ ಗಾಡಿಯನ್ನು ಎತ್ತಿಕೊಂಡು ಹೋದರು. ಬಾಣಲೆಯಲ್ಲಿ ಕಾಯುತ್ತಿದ್ದ ಎಣ್ಣೆಯನ್ನು ಚರಂಡಿಗೆ ಸುರಿದರು. ಅರ್ಧ ಬೆಂದಿದ್ದ ಮೆಣಸಿನಕಾಯಿ ಬಜ್ಜಿಗಳೂ ಎಣ್ಣೆಯ ಜೊತೆಗೇ ಹೋದವು. ಕರಿದ ಎಣ್ಣೆಯಲ್ಲಿ ಮತ್ತೆ ಕರಿಯುವುದು ಅಪರಾಧ ಎಂದು ಜೀಪಿನಲ್ಲಿ ಬಂದ ಕಾರ್ಪೊರೇಷನ್ನಿನವರು ಹೇಳಿದರು. ಗಾಡಿ ಇವತ್ತಿಗೂ ವಾಪಸು ಬಂದಿಲ್ಲ.

ವಿದ್ಯಾರಣ್ಯಪುರಂ ಬಸ್ ಸ್ಟಾಪಿನ ಪಕ್ಕ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಒಂದು ದೊಡ್ಡ ಬೋರ್ಡಿದೆ. ಹಸಿರು ಬಣ್ಣದ್ದು. ಬಾಣಲೆಯಿಂದ ಜಾರಿದ ಎಣ್ಣೆಯ ಹನಿಯೊಂದು ಎಲೆಯಾಗಿ ಅರಳುವ ಚಿತ್ರ. ಕರಿದ ಎಣ್ಣೆ ಚೆಲ್ಲಬೇಡಿ, ನಮಗೆ ಕೊಡಿ, ಅದರಿಂದ ಬಯೋಡೀಸೆಲ್ ಮಾಡಿ ಬಸ್ಸು ಲಾರಿ ಓಡಿಸುತ್ತೇವೆ ಎಂದು ಬರೆದಿದೆ. ಮಂಚಮ್ಮ ಈಗ ಆ ಬೋರ್ಡಿನ ಕಂಪನಿಯಲ್ಲೇ ಕೆಲಸ ಮಾಡುತ್ತಾಳೆ.

ಎಣ್ಣೆಯ ಹಾದಿ ಅವಳಿಗೆ ಹೊಸದೇನಲ್ಲ. ಗಂಡ ಚಾಮಯ್ಯ ಬದುಕಿದ್ದಾಗಿನಿಂದ ಛತ್ರಗಳ ಹಿಂಬಾಗಿಲಲ್ಲಿ ನಿಂತವಳು. ಮದುವೆ ಊಟ ಮುಗಿದು, ಎಲೆ ಎತ್ತಿ, ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ಕ್ಯಾನು ಹಿಡಿದು ಹೋಗಬೇಕು. ಮುಂಚೆ ಹೋದರೆ ಬೈಗುಳ. ತಡವಾದರೆ ಎಣ್ಣೆ ಇನ್ನೊಬ್ಬರ ಪಾಲು. ಅಡುಗೆಯ ಅಶ್ವತ್ಥ ಭಟ್ಟರು ಕೊಡುತ್ತಿದ್ದರು. ದುಡ್ಡು ಈಸಿಕೊಂಡೇ ಕೊಡುತ್ತಿದ್ದರು. ಕೊಡುವ ಗತ್ತು ಮಾತ್ರ ದಾನ ಮಾಡುವವರದು.

"ಕ್ಯಾನು ಅಲ್ಲಿಡು. ಅತ್ಲಾಗೆ ನಿಂತ್ಕೋ. ಇನ್ನೂ ಅತ್ಲಾಗೆ."

ಇವಳು ಲಾಳಿಕೆ ಇಟ್ಟು ಹಿಂದೆ ಸರಿಯುತ್ತಿದ್ದಳು. ಭಟ್ಟರು ಹೊಸ್ತಿಲ ಮೇಲೆ ನಿಂತು ಸೊಂಟದ ಎತ್ತರದಿಂದ ಹುಯ್ಯುತ್ತಿದ್ದರು. ಒಳಕ್ಕೆ ಬಿದ್ದಷ್ಟು ಬಿತ್ತು, ಹೊರಕ್ಕೆ ಚೆಲ್ಲಿದಷ್ಟು ಚೆಲ್ಲಿತು. ಬಿಸಿ ಆರಿರುತ್ತಿರಲಿಲ್ಲ. ಮಂಚಮ್ಮನ ಕಾಲ್ಬೆರಳುಗಳ ಮೇಲೆ ಸಿಡುಬಿನ ಕಲೆಯಂತೆ ಚುಕ್ಕಿಗಳಿವೆ. ಅದು ಸಿಡುಬಲ್ಲ, ಊರಿನವರ ಮದುವೆಗಳು. ಹುಯ್ದಾದ ಮೇಲೆ ಚೆಲ್ಲಿದ ಮೆಟ್ಟಿಲನ್ನು ಅವಳೇ ಒರೆಸಿ ಹೋಗಬೇಕು. ಒರೆಸುವ ಬಟ್ಟೆಯನ್ನು ಅವಳೇ ತರಬೇಕು.

ಮನೆಗೆ ತಂದು ಹಳೇ ಪಂಚೆಯಲ್ಲಿ ಸೋಸುತ್ತಿದ್ದಳು. ಅರ್ಧ ಗಾಡಿಗೆ. ಇನ್ನರ್ಧಕ್ಕೆ ಕಾಲೋನಿಯ ಹೆಂಗಸರು ಬಾಟಲಿ ಹಿಡಿದು ಬರುತ್ತಿದ್ದರು. ಹೊಸ ಎಣ್ಣೆ ಕೊಳ್ಳುವ ತಾಕತ್ತು ಇಲ್ಲದ ಮನೆಗಳು. ಹಪ್ಪಳ ಕರಿದು, ಜಿಲೇಬಿ ಕರಿದು, ಬೋಂಡಾ ಕರಿದು, ಕಡೆಗೆ ಆ ಎಣ್ಣೆ ಸೊಪ್ಪಿನ ಒಗ್ಗರಣೆಯಲ್ಲಿ ಸಾಯುತ್ತಿತ್ತು. ಒಳ್ಳೆಯದು ಅಂತ ಯಾರೂ ತಿನ್ನಲಿಲ್ಲ. ಅದಿತ್ತು, ತಿಂದರು. ಚಾಮಯ್ಯ ಎದೆ ಹಿಡಿದುಕೊಂಡು ಬಿದ್ದಾಗ ಆಸ್ಪತ್ರೆಯ ಡಾಕ್ಟರು "ಮನೇಲಿ ಯಾವ ಎಣ್ಣೆ ಬಳಸ್ತೀರಿ?" ಎಂದು ಕೇಳಿದ್ದರು. ಮಂಚಮ್ಮ ನೆಲ ನೋಡಿಕೊಂಡು "ಅಂಗಡಿದು" ಎಂದಿದ್ದಳು.

ಗಾಡಿ ಹೋದ ವಾರವೇ ಛತ್ರಗಳ ಹಿಂಬಾಗಿಲಲ್ಲಿ ಕಂಪನಿಯ ನೀಲಿ ಡ್ರಮ್ಮುಗಳು ಬಂದು ಕೂತವು. ಎಣ್ಣೆಯೆಲ್ಲ ಅದಕ್ಕೇ. ಯಾವ ಛತ್ರದಲ್ಲಿ ಯಾವ ಭಟ್ಟರು, ಯಾರ ಮನಸ್ಸು ಹೇಗೆ ಎಂದು ತಿಳಿದವರು ಕಂಪನಿಗೆ ಬೇಕಿತ್ತು. ಶೆಡ್ಡಿನ ಮ್ಯಾನೇಜರು ದಿಲೀಪ್ ಕಾಲೋನಿಗೆ ಬೈಕಿನಲ್ಲಿ ಬಂದ. ಮಂಚಮ್ಮನ ಮನೆಯ ಮುಂದೆ ಬೈಕಿನಿಂದ ಇಳಿಯದೆ ಮಾತಾಡಿದ.

"ಗಾಡಿ ಇಲ್ಲದೆ ಏನ್ಮಾಡ್ತೀಯ? ನಮ್ಮಲ್ಲಿ ಬಾ. ಕಂಪನಿಗೆ ಫಾರಿನ್ ಸರ್ಟಿಫಿಕೇಟು ಬರೋದಿದೆ. ಅದೊಂದು ಬರಲಿ, ಮೇಲಿನೋರ ಹತ್ರ ಮಾತಾಡಿ ನಿನ್ ಗಾಡಿ ನಾನೇ ಬಿಡಿಸಿಕೊಡ್ತೀನಿ."

ಗಾಡಿಯ ಮಾತು ಬಂದ ಮೇಲೆ ಮಂಚಮ್ಮ ಬೇರೇನೂ ಕೇಳಲಿಲ್ಲ. ಚಾಮಯ್ಯ ತನ್ನ ಕೈಯಾರೆ ಮಾಡಿದ್ದ ಗಾಡಿ ಅದು. ಸೈಕಲ್ಲಿನ ಚಕ್ರ, ತಗಡಿನ ಮಾಡು, ಗಾಳಿಗೆ ಉರಿ ಆರದ ಹಾಗೆ ಮೂರು ಕಡೆ ಮರೆ. ಅದರ ಹಿಂದೆ ನಿಂತಿದ್ದಾಗ ಯಾರೂ ಅವಳಿಗೆ ಅತ್ಲಾಗೆ ನಿಂತ್ಕೋ ಎಂದಿರಲಿಲ್ಲ. ಬಜ್ಜಿಗೆ ಕಾಯುವವರೇ ಅತ್ಲಾಗೆ ನಿಲ್ಲುತ್ತಿದ್ದರು.

ರಿಂಗ್ ರೋಡಿನಾಚೆಯ ಶೆಡ್ಡು ಅದು. ಮೇಲೆ ತಗಡು, ಕೆಳಗೆ ಕಾಂಕ್ರೀಟು. ಕಾಂಕ್ರೀಟಿನ ಮೇಲೆ ಬೆರಳ ದಪ್ಪ ಜಿಡ್ಡು. ಚಪ್ಪಲಿ ಹಾಕಿದರೆ ಜಾರುತ್ತದೆ, ಹಾಗಾಗಿ ಎಲ್ಲರದೂ ಬರಿಗಾಲು. ಡ್ರಮ್ಮು ಉರುಳಿಸಬೇಕು, ಎತ್ತಬೇಕು, ಜಾಲರಿಗೆ ಸುರಿಯಬೇಕು, ಜಾಲರಿಯಲ್ಲಿ ನಿಂತ ಸೀದ ಚೂರನ್ನು ಕೈಯಿಂದ ಬಾಚಿ ಮೂಟೆ ಕಟ್ಟಬೇಕು. ಸಾಯಂಕಾಲ ಸೋಪು ಹಾಕಿ ತಿಕ್ಕಿದರೂ ಚರ್ಮದಿಂದ ಅದು ಬಿಡದು. ತಲೆಗೆ ಸೀಗೆಪುಡಿ ಹಾಕಿದರೂ ಕೂದಲು ನಾರುತ್ತದೆ. ಸಿಟಿ ಬಸ್ಸಿನಲ್ಲಿ ಮಂಚಮ್ಮ ಕೂತ ಸೀಟಿನ ಪಕ್ಕ ಜಾಗವಿದ್ದರೂ ಜನ ನಿಂತೇ ಹೋಗುತ್ತಾರೆ.

ಅವಳ ಜೊತೆ ಇಬ್ಬರು. ಡ್ರಮ್ಮು ಹೊರುವ ಸಿದ್ದು, ಜಾಲರಿ ಹಿಡಿಯುವ ಕುಸುಮ. ಇಬ್ಬರೂ ಅದೇ ಕಾಲೋನಿಯವರು. ಕುಸುಮಳಿಗೆ ಒಬ್ಬಳು ಮಗಳು, ಸಂಘಮಿತ್ರ. ಅಂಗನವಾಡಿಗೆ ಹೋಗುವ ಮಗು.

ವೈಶಾಖ, ಜ್ಯೇಷ್ಠ ಕಳೆಯುವವರೆಗೆ ಡ್ರಮ್ಮುಗಳು ತುಂಬಿ ಬಂದವು. ಆಮೇಲೆ ಆಷಾಢ ಹಿಡಿಯಿತು. ಛತ್ರಗಳಿಗೆ ಬೀಗ ಬಿತ್ತು. ಊರಿಗೆ ಊರೇ ಶುಕ್ರವಾರ ಶುಕ್ರವಾರ ಅಮ್ಮನವರ ದರ್ಶನಕ್ಕೆ ಬೆಟ್ಟ ಹತ್ತುತ್ತಿತ್ತು, ಮದುವೆ ಒಂದೂ ಇಲ್ಲ. ನೀಲಿ ಡ್ರಮ್ಮುಗಳ ತಳದಲ್ಲಿ ಹಲ್ಲಿಗಳು ಸತ್ತು ಬಿದ್ದಿದ್ದವು.

ತಿಂಗಳು ತಿಂಗಳೂ ಇಷ್ಟು ಟನ್ನು ಕರಿದ ಎಣ್ಣೆ ಕೊಡುತ್ತೇವೆ ಎಂದು ಕಂಪನಿಯವರು ಹೊರದೇಶಕ್ಕೆ ಮಾತು ಕೊಟ್ಟಿದ್ದರಂತೆ. ಹನ್ನೆರಡು ತಿಂಗಳೂ ಒಂದೇ ಅಳತೆ. ಮಾತು ಕೊಟ್ಟವರಿಗೆ ಆಷಾಢ ನೆನಪಿರಲಿಲ್ಲ. ತೆಗೆದುಕೊಳ್ಳುವವರಿಗೆ ಆಷಾಢವೆಂದರೇನೆಂದೇ ಗೊತ್ತಿರಲಿಲ್ಲ.

"ಹೊಸ ಮದ್ವೆ ಆದ ಗಂಡ ಹೆಂಡ್ತೀನೇ ಒಂದು ಮನೇಲಿ ಇರಂಗಿಲ್ಲ ಈ ತಿಂಗಳು," ಎಂದ ಸಿದ್ದು, ಖಾಲಿ ಡ್ರಮ್ಮಿನ ಮೇಲೆ ಕೂತು ಬೀಡಿ ಹೊರಳಿಸುತ್ತ. "ಇವ್ರಿಗೆ ಜಿಲೇಬಿ ಎಣ್ಣೆ ಬೇಕಂತೆ. ಎಲ್ಲಿಂದ ತರನ, ದೊಡ್ಡವ್ವ? ನಾನೇ ಇನ್ನೊಂದು ಮದ್ವೆ ಆಗ್ಲಾ?"

"ನಿನಗೆ ಇರೋಳೇ ಗಂಜಿ ಹುಯ್ಯಲ್ಲ, ಬುಡು," ಎಂದಳು ಮಂಚಮ್ಮ.

ಮಾರನೇ ದಿನ ಲಾರಿ ಬಂತು. ಅದರ ತುಂಬ ಹೊಸ ಪಾಮಾಯಿಲ್ ಡಬ್ಬಗಳು. ಸೀಲು ಒಡೆಯದ್ದು, ತಗಡು ಮಿಂಚುವಂಥದ್ದು. ಸಿದ್ದು ಬೆನ್ನ ಮೇಲೆ ಹೊತ್ತು ಇಳಿಸಿದ. ಶೆಡ್ಡಿನ ಹಿಂಭಾಗದಲ್ಲಿ ಮದುವೆ ಮನೆಗೆ ತರುವಂಥ ಕೊಪ್ಪರಿಗೆಯೊಂದನ್ನು ದೊಡ್ಡ ಗ್ಯಾಸ್ ಒಲೆಯ ಮೇಲೆ ಕೂರಿಸಿದ್ದರು. ದಿಲೀಪ್ ಮಂಚಮ್ಮನನ್ನು ಕರೆದ.

"ಇದನ್ನ ಕಪ್ಪು ಮಾಡ್ಬೇಕು."

"ಏನು ಕರೀಬೇಕು ಸಾ ಇದ್ರಲ್ಲಿ?"

"ಏನೂ ಕರಿಯೋಂಗಿಲ್ಲ. ಸೀದ ಚೂರಿನ ಮೂಟೆ ಇದೆಯಲ್ಲ, ಅದನ್ನ ಹಾಕು. ಈರುಳ್ಳಿ ಸಿಪ್ಪೆ, ಉಪ್ಪು, ಒಂದಿಷ್ಟು ಹಿಟ್ಟು. ಜೋರು ಉರಿ ಇಟ್ಟು ಹೊಗೆ ಬರೋವರ್ಗೂ ಸುಡು. ಛತ್ರದ ಎಣ್ಣೆ ಎಂಗಿರುತ್ತೆ ಅಂತ ನಿನಗೆ ಹೇಳ್ಕೊಡಬೇಕಾ? ಆ ಬಣ್ಣ, ಆ ವಾಸನೆ ಬರ್ಬೇಕು."

ಮಂಚಮ್ಮನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಂಬಿಕೆ ಬರಲಿಲ್ಲ.

"ಒಳ್ಳೇ ಎಣ್ಣೆ ಸಾ ಇದು."

"ಒಳ್ಳೇ ಎಣ್ಣೆಗೆ ಅಂಗಡಿ ರೇಟು. ಕೆಟ್ಟ ಎಣ್ಣೆಗೆ ಫಾರಿನ್ ರೇಟು. ಹೊಸದನ್ನ ಡೀಸೆಲ್ ಮಾಡಿದ್ರೆ ತಿನ್ನೋ ಪದಾರ್ಥ ಹಾಳು ಮಾಡಿದ್ರಿ, ತಾಳೆ ಬೆಳೆಯೋಕೆ ಕಾಡು ಕಡಿದ್ರಿ ಅಂತಾರೆ. ಹಳೇದಾದ್ರೆ ಕಸದಿಂದ ರಸ ಅಂತ ಹಾರ ಹಾಕ್ತಾರೆ. ನಿಂಗ್ಯಾಕೆ ಅದೆಲ್ಲ? ಸುಡು."

ಸಿದ್ದು ಡಬ್ಬ ಒಡೆದು ಬಗ್ಗಿಸಿದ. ಎಣ್ಣೆ ಬಂಗಾರದ ಬಣ್ಣದಲ್ಲಿ ಇಳಿಯಿತು. ಮಂಚಮ್ಮ ಮುಖ ಬಗ್ಗಿಸಿ ಮೂಸಿದಳು. ಏನೂ ಇಲ್ಲ. ಹೊಸ ಎಣ್ಣೆಗೆ ವಾಸನೆಯೇ ಇರುವುದಿಲ್ಲ ಎಂದು ಆವತ್ತು ಅವಳಿಗೆ ಗೊತ್ತಾಯಿತು. ಇಷ್ಟು ವರ್ಷ ಒಲೆಯ ಮುಂದೆ ನಿಂತಿದ್ದರೂ ಬಾಣಲೆ ತುಂಬ ಹೊಸ ಎಣ್ಣೆಯನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

ಅವಳು ಸುಟ್ಟಳು. ಗಾಡಿ ಕಣ್ಣ ಮುಂದಿತ್ತು, ಸುಟ್ಟಳು. ಮೂಟೆಯ ಚೂರು ಬಿದ್ದೊಡನೆ ಎಣ್ಣೆ ಉಕ್ಕಿ ನೊರೆ ಕಟ್ಟುತ್ತಿತ್ತು, ನೊರೆ ಇಳಿದ ಮೇಲೆ ಕೆಂಪಾಗುತ್ತಿತ್ತು, ಆಮೇಲೆ ಕಂದು, ಆಮೇಲೆ ಕಪ್ಪು. ಹೊಗೆ ತಗಡಿನ ಮಾಡಿಗೆ ಬಡಿದು ಮತ್ತೆ ಕೆಳಗಿಳಿದು ಕಣ್ಣಿಗೆ ನುಗ್ಗುತ್ತಿತ್ತು. ಉಗುಳಿದರೆ ಕಫ ಕಪ್ಪು. ಮೂಗು ಸೀನಿದರೆ ಸೆರಗು ಕಪ್ಪು. ಸೌಟು ತಿರುಗಿಸುವ ಮೊಣಕೈ ರಾತ್ರಿ ಮಡಚಲು ಬರುತ್ತಿರಲಿಲ್ಲ. ಗಾಡಿಯಲ್ಲಿ ಎಣ್ಣೆ ಸೀಯದ ಹಾಗೆ ಉರಿ ಹಿಡಿದಿಡುವುದೇ ಅವಳ ಕಸುಬಾಗಿತ್ತು. ಇಲ್ಲಿ ಸೀಯಿಸುವುದಕ್ಕೆ ಕೂಲಿ.

"ನಾವು ತಿಂದ್ರೆ ವಿಷ, ಅವ್ರು ಸುಟ್ರೆ ಪರಿಸರ," ಎಂದ ಸಿದ್ದು. ಮಂಚಮ್ಮ ನಗಲಿಲ್ಲ. ಕೆಮ್ಮಿದಳು.

ಸಂಜೆ ಹೊರಡುವಾಗ ಗೇಟಿನಲ್ಲಿ ವಾಚ್‌ಮನ್ ಎಲ್ಲರ ಊಟದ ಡಬ್ಬಿ ತೆಗೆಸಿ ನೋಡುತ್ತಿದ್ದ. ಹೊಸ ಎಣ್ಣೆ ಬಂದ ಮೇಲೆ ಶುರುವಾದ ಪದ್ಧತಿ. ಹೆಂಗಸರ ಡಬ್ಬಿ, ಚೀಲ, ನೀರಿನ ಬಾಟಲಿ. ಒಂದು ದಿನ ಕುಸುಮಳ ಡಬ್ಬಿಯ ಮೇಲಿನ ಬಟ್ಟಲಲ್ಲಿ, ಪಲ್ಯ ತರುವ ಬಟ್ಟಲಲ್ಲಿ, ಎಣ್ಣೆ ಸಿಕ್ಕಿತು. ಹೊಸದು. ಒಂದು ಲೋಟವೂ ಇರಲಿಲ್ಲ.

ದಿಲೀಪ್ ಕೂಗಾಡಲಿಲ್ಲ. ನಗುತ್ತಲೇ ಬಂದ. ಬಟ್ಟಲನ್ನು ಅವಳ ಕೈಗೆ ಕೊಟ್ಟ.

"ಏನಕ್ಕೆ ತಗೊಂಡೆ?"

"ಮಗು ಹುಟ್ಟಿದ ದಿನ ಸಾ. ಪೂರಿ ಕೇಳಿದ್ಲು."

"ಪೂರಿ!" ದಿಲೀಪ್ ಸುತ್ತ ನೋಡಿದ, ಎಲ್ಲರೂ ಕೇಳಲಿ ಎಂಬಂತೆ. "ನಿಮ್ಮ ಕಾಲೋನಿಯೋರನ್ನ ಒಳಗೆ ಬುಟ್ಟುಕೊಂಡ್ರೆ ಇದೇ ಗತಿ ಅಂತ ನಮ್ಮ ಧಣಿ ಮೊದಲೇ ಹೇಳಿದ್ರು. ನಡಿ. ನಿನ್ ಕೈಯಾರೆ ಹಾಕು."

ಕೊಪ್ಪರಿಗೆಯ ಹತ್ತಿರ ಕರೆದುಕೊಂಡು ಬಂದ. ಅವತ್ತಿನ ಎಣ್ಣೆ ಇನ್ನೂ ಹೊಗೆಯಾಡುತ್ತಿತ್ತು. ಸೌಟು ಮಂಚಮ್ಮನ ಕೈಯಲ್ಲಿತ್ತು. ಕುಸುಮ ಬಟ್ಟಲನ್ನು ಬಗ್ಗಿಸಿದಳು. ಆ ಒಂದಿಷ್ಟು ಎಣ್ಣೆ ಕಪ್ಪಿನ ಮೇಲೆ ಚಿನ್ನದ ದಾರದ ಹಾಗೆ ಒಂದು ಸುತ್ತು ತಿರುಗಿ ಕರಗಿಹೋಯಿತು.

"ಈಗ ಸೀದ ಚೂರು ಹಾಕು. ಹಾಕು. ನಾನು ನೋಡ್ಬೇಕು."

ಕುಸುಮ ಬೊಗಸೆ ತುಂಬ ಸೀದ ಚೂರು ಹಾಕಿದಳು. ಎಣ್ಣೆ ಸಿಡಿದು ಮುಂಗೈಗೆ ಹತ್ತಿತು. ಅವಳು ಕೈ ಹಿಂದೆ ತೆಗೆಯಲಿಲ್ಲ. ಮಂಚಮ್ಮ ಸೌಟು ತಿರುಗಿಸಿದಳು. ನೊರೆ ಇಳಿಯುವವರೆಗೂ ತಿರುಗಿಸುತ್ತಲೇ ಇದ್ದಳು.

ಬೆಳಗ್ಗೆ ಕುಸುಮ ಕೆಲಸಕ್ಕೆ ಬಂದಳು. ಬರದೆ ಬೇರೆ ದಾರಿಯಿರಲಿಲ್ಲ. ಮುಂಗೈಗೆ ಅರಿಶಿನ ಮೆತ್ತಿತ್ತು.

"ಮಗು ಏನಂತವ್ವ?" ಎಂದಳು ಮಂಚಮ್ಮ.

"ಚಪಾತಿ ಸುಟ್ಟುಕೊಟ್ಟೆ ದೊಡ್ಡವ್ವ. ಪೂರಿ ಅಂದ್ಕಂಡೇ ತಿಂದ್ಲು. ಯಾಕವ್ವ ಪೂರಿ ಉಬ್ಬಿಲ್ಲ ಅಂದ್ಲು."

ಅಷ್ಟು ಹೇಳಿ ಜಾಲರಿ ತೊಳೆಯಲು ಹೋದಳು.

ಆವತ್ತೇ ಆಡಿಟ್ ಮೇಡಂ ಬರುವ ದಿನ. ಈ ಎಣ್ಣೆ ನಿಜಕ್ಕೂ ಎಲ್ಲಿಂದ ಬರುತ್ತದೆ, ಅದರಿಂದ ಭೂಮಿಗೆ, ಜನಕ್ಕೆ ಕೇಡಾಗುತ್ತದೋ ಇಲ್ಲವೋ ಎಂದು ನೋಡಿ ಸರ್ಟಿಫಿಕೇಟು ಕೊಡುವವರು. ಊಟವಾದ ಮೇಲೆ ಬರುತ್ತಾರೆ ಎಂದು ದಿಲೀಪ್ ಹೇಳಿದ್ದ. ಬೆಳಗ್ಗೆಯೇ ನೆಲಕ್ಕೆ ಸೋಪಿನ ನೀರು ಹಾಕಿಸಿದ. ಹೊಸ ಡಬ್ಬಗಳನ್ನು ಟಾರ್ಪಾಲಿನಿಂದ ಮುಚ್ಚಿಸಿದ. ಮೂವರಿಗೂ ಕೈಗವಸು, ಬೂಟು ಕೊಟ್ಟ. ಸಿದ್ದುವಿನ ಬೂಟು ಒಂದು ಸೈಜು ಚಿಕ್ಕದು, ಅವನು ಕೋಳಿಯ ಹಾಗೆ ನಡೆಯುತ್ತಿದ್ದ. ಮಂಚಮ್ಮನನ್ನು ಮಾತ್ರ ಪಕ್ಕಕ್ಕೆ ಕರೆದು ಪಾಠ ಹೇಳಿಕೊಟ್ಟ.

"ಮೊದಲು ಈ ಎಣ್ಣೆ ಎಲ್ಲಿಗೆ ಹೋಗ್ತಿತ್ತು ಅಂತ ಕೇಳ್ತಾರೆ. ಚರಂಡಿಗೆ ಅನ್ನು. ಯಾರೂ ತಿಂತಿರಲಿಲ್ಲ ಅನ್ನು. ಯಾರೂ ಅಂದ್ರೆ ಯಾರೂ ಇಲ್ಲ. ಅಷ್ಟು ಹೇಳ್ಬುಡು, ನಿನ್ ಗಾಡಿ ಬಂತು ಅಂತ್ಲೇ ತಿಳ್ಕೋ."

ಮಂಚಮ್ಮ ತಲೆಯಾಡಿಸಿದಳೋ ಇಲ್ಲವೋ ಅವನು ನೋಡಲಿಲ್ಲ. ಊಟದ ಹೊತ್ತಿಗೆ ಕಪ್ಪು ಮಾಡಿಡಬೇಕೆಂದು ಸಿದ್ದು ಎರಡು ಹೊಸ ಡಬ್ಬ ತೊಳೆದ ಕೊಪ್ಪರಿಗೆಗೆ ಸುರಿದು ಮುಚ್ಚಳ ಹಾಕಿದ. ಒಲೆ ಹಚ್ಚುವ ಮುಂಚೆಯೇ ಗೇಟಿನಲ್ಲಿ ಕಾರಿನ ಹಾರನ್ನು ಕೇಳಿತು. ಮೇಡಂ ಬೇಗ ಬಂದುಬಿಟ್ಟಿದ್ದರು.

ಲಹರಿ ಎಂದು ಹೆಸರು. ರಾಮಕೃಷ್ಣನಗರದವರು. ತಾತ ಅರಮನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು ಎಂದು ದಿಲೀಪ್ ಮೊದಲೇ ಎರಡು ಸಲ ಹೇಳಿದ್ದ, ಅದರಿಂದ ಶೆಡ್ಡಿಗೇ ಏನೋ ಕಿರೀಟ ಬಂದಂತೆ. ಮೂವತ್ತರ ಒಳಗಿನ ಹುಡುಗಿ. ಕಾರಿನಿಂದ ಇಳಿದವಳೇ ಮೂಗಿಗೆ ಮಾಸ್ಕು ಏರಿಸಿಕೊಂಡಳು. ಆದರೆ ಮಾತು ಮೆತ್ತಗಿತ್ತು. ಎಲ್ಲರಿಗೂ ನೀವು, ತಾವು.

"ನಿಮಗೆ ಗ್ಲೌಸ್ ಎಲ್ಲ ಕೊಡ್ತಾರಾ?" ಎಂದು ಸಿದ್ದುವನ್ನು ಕೇಳಿದಳು.

"ಬೆಳಗ್ಗೆ ಕೊಟ್ರು ಮೇಡಂ. ಸಾಯಂಕಾಲ ಈಸ್ಕತಾರೆ."

ದಿಲೀಪ್ ಜೋರಾಗಿ ನಕ್ಕ. "ತೊಳೆದಿಡೋಕೆ ಮೇಡಂ, ತೊಳೆದಿಡೋಕೆ. ಇವ್ನು ತಮಾಷೆ ಮನುಷ್ಯ."

ಲಹರಿ ಫೋನು ಎತ್ತಿ ಹಿಡಿದು ರೆಕಾರ್ಡ್ ಹಾಕಿ ಮಂಚಮ್ಮನ ಮುಂದೆ ನಿಂತಳು. "ಅಮ್ಮಾ, ನೀವು ಬಹಳ ವರ್ಷದಿಂದ ಛತ್ರಗಳನ್ನ ಬಲ್ಲವರಂತೆ. ಈ ಕಂಪನಿ ಬರೋಕೆ ಮುಂಚೆ ಕರಿದ ಎಣ್ಣೆ ಎಲ್ಲಿಗೆ ಹೋಗ್ತಿತ್ತು?"

ಮಂಚಮ್ಮ ಕೈಗವಸು ಕಳಚಿದಳು. ಸುಮ್ಮನೆ, ಕೈ ಬೆವರುತ್ತಿತ್ತು ಅಂತ.

"ನಾವು ತಿಂತಿದ್ದೊ."

ದಿಲೀಪ್ ಒಂದು ಹೆಜ್ಜೆ ಮುಂದೆ ಬಂದ. ಲಹರಿ ಕೈಯೆತ್ತಿ ತಡೆದಳು.

"ನಾವು ಅಂದ್ರೆ?"

"ನಾವು ಅಂದ್ರೆ ನಾವೇ ಕಣವ್ವ. ನಾನು, ಇವಳು, ಇವನು, ಇವರ ಅಪ್ಪಂದ್ರು. ನಮ್ಮ ಕಾಲೋನಿ. ಛತ್ರದೋರು ಮೇಲಿಂದ ಹುಯ್ಯೋರು, ನಾವು ಸೋಸಿಕಂಡು ತಿನ್ನೋವು. ನನ್ನ ಗಾಡೀಲಿ ಬಜ್ಜಿ ತಿಂದ ನಿಮ್ಮೋರೂ ತಿಂದವ್ರೆ."

ಲಹರಿ ಫೋನು ಇಳಿಸಿದಳು. ದನಿ ಇನ್ನೂ ಮೆತ್ತಗಾಯಿತು. "ಅಮ್ಮಾ, ನೋಡಿ. ಅದನ್ನ ಜನ ತಿಂತಿದ್ರು ಅಂತಾದ್ರೆ ಅದು ಕಸ ಅಲ್ಲ, ಆಹಾರ ಅಂತಾಗುತ್ತೆ. ಆಹಾರ ಕಿತ್ತು ಇಂಧನ ಮಾಡಿದ ಹಾಗಾಗುತ್ತೆ. ಆಗ ಇಡೀ ಯೋಜನೇನೇ ನಿಂತುಹೋಗುತ್ತೆ. ನಿಮ್ಮ ಕೆಲಸಾನೂ. ಅದೂ ಅಲ್ಲದೆ ಆ ಎಣ್ಣೆ ಆರೋಗ್ಯಕ್ಕೆ ಎಷ್ಟು ಕೆಟ್ಟದ್ದು ಗೊತ್ತಾ? ಹೋದದ್ದೇ ಒಳ್ಳೇದಾಯ್ತಲ್ವಾ?"

"ಕೆಟ್ಟದ್ದು ಅಂತ ನಂಗ್ಯಾರೂ ಹೇಳ್ಕೊಡಬೇಕಾಗಿಲ್ಲ. ನನ್ನ ಗಂಡನ್ನ ತಿಂದು ಹಾಕ್ತು. ಕಿತ್ಕಂಡ್ರಿ, ಸರಿ. ಕಿತ್ಕಂಡ ಮೇಲೆ ಇದನ್ನ ತಿನ್ನಿ ಅಂತ ಏನು ಕೊಟ್ರಿ? ಅದನ್ನ ಬರ್ಕಳಿ."

"ಅದು... ಅದು ನನ್ನ ಕೆಲಸದ ವ್ಯಾಪ್ತಿಗೆ ಬರಲ್ಲ ಅಮ್ಮಾ."

"ಹೌದಾ?" ಎಂದಳು ಮಂಚಮ್ಮ. "ಮತ್ತೆ ಜನಕ್ಕೆ ಕೇಡಾಗುತ್ತಾ ಅಂತ ನೋಡೋಕೆ ಬತ್ತಾರೆ ಅಂತ ಮ್ಯಾನೇಜರು ಹೇಳಿದ್ರಲ್ಲ. ಯಾವ ಜನ ಅದು?"

ಲಹರಿಯ ಮುಖ ಕೆಂಪಾಯಿತು. ಅವಳು ಕೆಟ್ಟ ಹುಡುಗಿಯಲ್ಲ. ಕೆಟ್ಟವಳಾಗಿದ್ದರೆ ಮುಖ ಕೆಂಪಾಗುತ್ತಿರಲಿಲ್ಲ. ಆದರೆ ಕೆಂಪಾದ ಮುಖದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅವಳು ತಿರುಗಿ, "ಸಣ್ಣ ಪ್ರಮಾಣದ ಸ್ಥಳೀಯ ಬಳಕೆ ಅಂತ ಹಾಕ್ತೀನಿ, ಪರವಾಗಿಲ್ಲ," ಎಂದು ದಿಲೀಪನಿಗೆ ಹೇಳಿದಳು. ದಿಲೀಪ್ ಉಸಿರು ಬಿಟ್ಟ. ಕಾಲೋನಿಯ ಮನೆಮನೆಯ ಒಲೆಗಳೂ, ಚಾಮಯ್ಯನ ಎದೆಯೂ ಆ ಮೂರು ನಾಲ್ಕು ಮಾತಿನೊಳಗೆ ಹೊಕ್ಕು ಮುಚ್ಚಿಕೊಂಡವು.

"ಆ ಹಿಂದೆ ಇರೋದೇನು, ಅಷ್ಟು ದೊಡ್ಡ ಪಾತ್ರೆ?"

"ಅದಾ ಮೇಡಂ? ಕರಿದ ಎಣ್ಣೇಲಿ ನೀರಿನ ಪಸೆ ಇರುತ್ತಲ್ಲ, ಕಾಯಿಸಿ ಆರಿಸ್ತೀವಿ."

"ಓ. ಅದೊಂದು ವಿಡಿಯೋ ಬೇಕಿತ್ತು. ಉರಿ ಹಚ್ಚಿ ತೋರಿಸ್ತೀರಾ? ಒಂದೆರಡು ನಿಮಿಷ ಸಾಕು. ಇವತ್ತೇ ರಿಪೋರ್ಟು ಕಳಿಸಬೇಕು."

ದಿಲೀಪ್ ಮಂಚಮ್ಮನ ಮೊಣಕೈ ಹಿಡಿದು ಎಳೆದುಕೊಂಡೇ ಹಿಂದಕ್ಕೆ ಹೋದ. ಅವಳನ್ನು ಅವನು ಮುಟ್ಟಿದ್ದು ಅದೇ ಮೊದಲು.

"ಬಾಯಿ ತೆಗೆದು ಮಾಡಿದ್ದು ಸಾಕು. ಇನ್ನಾದ್ರೂ ಕೇಳು. ಮುಚ್ಚಳ ಒಂಚೂರೇ ಸರಿಸಿ ಮೂಟೆ ಪೂರ್ತಿ ಒಳಗೆ ಸುರಿ. ಜೋರು ಉರಿ ಇಡು. ಹೊಗೆ ಎದ್ದರೆ ಅವಳು ಹತ್ರ ಬರಲ್ಲ, ಬಣ್ಣ ನೋಡಲ್ಲ. ಇಲ್ನೋಡು."

ಫೋನು ತೆಗೆದು ಅವಳ ಕಣ್ಣಿಗೆ ಹಿಡಿದ. ಅದರೊಳಗೆ ಗಾಡಿ ಇತ್ತು. ಹಿಡಿದ ಗಾಡಿಗಳನ್ನು ಎಸೆದಿದ್ದ ಬಯಲಿನಲ್ಲಿ ಅವಳ ಗಾಡಿ ಒಂದು ಕಡೆಗೆ ವಾಲಿ ನಿಂತಿತ್ತು. ಒಂದು ಚಕ್ರ ಸೊಟ್ಟಗಾಗಿತ್ತು. ಮಾಡಿನ ತಗಡು ಹಾಗೇ ಇತ್ತು. ಮೂರು ಕಡೆಯ ಮರೆಯೂ ಇತ್ತು. ಚಾಮಯ್ಯ ಹೊಡೆದಿದ್ದ ಮೊಳೆಗಳು ಕಾಣುತ್ತಿದ್ದವು. ಅವಳು ಬೆರಳು ಚಾಚಿ ಗಾಜನ್ನು ಮುಟ್ಟಿದಳು. ಜಿಡ್ಡಿನ ಗುರುತು ಗಾಡಿಯ ಮೇಲೆ ಮೂಡಿತು.

"ನಿನ್ನೆ ನಾನೇ ಹೋಗಿ ಫೋಟೋ ತೆಗೆದೆ. ಮಾತಾಡಿದ್ದೀನಿ. ನಾಳೆ ಬೆಳಗ್ಗೆ ನಿನ್ ಮನೆ ಮುಂದೆ ಇರುತ್ತೆ. ಹಚ್ಚು."

ಅವಳು ಒಲೆಯ ಹತ್ತಿರ ಹೋದಳು. ಸಿಲಿಂಡರಿನ ತಿರುಗಣಿಯ ಮೇಲೆ ಕೈಯಿಟ್ಟಳು. ಸೀದ ಚೂರಿನ ಮೂಟೆ ಕಾಲ ಬಳಿ ಬಾಯ್ತೆರೆದು ಬಿದ್ದಿತ್ತು. ಲಹರಿ ದೂರದಲ್ಲಿ ಫೋನು ಎತ್ತಿ ಹಿಡಿದಿದ್ದಳು. ಸಿದ್ದು ಚಿಕ್ಕ ಬೂಟಿನಲ್ಲಿ ನೋವು ತಡೆಯುತ್ತ ನಿಂತಿದ್ದ. ಕುಸುಮ ಜಾಲರಿಯನ್ನು ಎದೆಗೆ ಅವಚಿಕೊಂಡಿದ್ದಳು. ಅವಳ ಮುಂಗೈಯ ಅರಿಶಿನ ಒಣಗಿ ಬಿರುಕು ಬಿಟ್ಟಿತ್ತು. ಅದರ ಅಡಿಯಲ್ಲಿ ಬೊಬ್ಬೆ ಎದ್ದಿತ್ತು.

ಮಂಚಮ್ಮ ತಿರುಗಣಿಯಿಂದ ಕೈ ತೆಗೆದಳು. 

ಎರಡೂ ಕೈಯಿಂದ ಕೊಪ್ಪರಿಗೆಯ ಮುಚ್ಚಳ ಎತ್ತಿದಳು. ಭಾರದ ಮುಚ್ಚಳ. ಅದನ್ನು ನೆಲಕ್ಕೆ ಬಿಟ್ಟಳು. ಶೆಡ್ಡಿನ ತಗಡೆಲ್ಲ ಸದ್ದು ಮಾಡಿತು.

"ಬಾರವ್ವ, ನೋಡು," ಎಂದಳು ಲಹರಿಗೆ. "ಆಷಾಢದಲ್ಲಿ ಯಾವ ಛತ್ರದೋರು ಕೊಟ್ಟಿದ್ದು ಇದು, ಕೇಳು."

ಲಹರಿ ಹತ್ತಿರ ಬಂದಳು. ಬಗ್ಗಿ ನೋಡಿದಳು. ಎಣ್ಣೆ ನಿಂತ ನೀರಿನಂತೆ ತಿಳಿಯಾಗಿತ್ತು. ಬಗ್ಗಿದವಳ ಮುಖವೇ ಅದರಲ್ಲಿ ಕಾಣುತ್ತಿತ್ತು. ಅವಳು ಮಾಸ್ಕು ಸರಿಸಿ ಮೂಸಿದಳು. ದಿಲೀಪನನ್ನು ನೋಡಿದಳು. ಟಾರ್ಪಾಲಿನ ಕಡೆ ನೋಡಿದಳು, ಅದರ ಅಡಿಯಿಂದ ಒಂದು ಡಬ್ಬದ ಮೂಲೆ ಮಿಂಚುತ್ತಿತ್ತು. ಎಲ್ಲ ಗೊತ್ತಾಯಿತು. ಗೊತ್ತಾದದ್ದು ಮುಖದ ಮೇಲೆ ಬಂತು, ಬಂದು ನಿಂತು, ಹೊರಟುಹೋಯಿತು.

"ದಿಲೀಪ್ ಅವರೇ, ಇದರ ಬಗ್ಗೆ ಆಮೇಲೆ ಮಾತಾಡೋಣ," ಎಂದಳು, ತಗ್ಗಿದ ದನಿಯಲ್ಲಿ. "ಮೊದಲು ಇದೊಂದು ಮುಗಿಸೋಣ. ಹಚ್ಚಿ ಅಮ್ಮಾ, ದಯವಿಟ್ಟು."

"ಕೇಳಿಸ್ತಾ? ಮೇಡಮ್ಮೇ ಹೇಳಿದ್ರು," ಎಂದ ದಿಲೀಪ್. "ಹಚ್ಚು."

ಮಂಚಮ್ಮ ಸೀದ ಚೂರಿನ ಮೂಟೆಯನ್ನು ಕಾಲಿನಿಂದ ಒದ್ದು ದೂರ ತಳ್ಳಿದಳು. ಒಲೆಗೂ ಅವರಿಗೂ ನಡುವೆ ನಿಂತಳು.

"ಹಚ್ಚಲ್ಲ."

"ಗಾಡಿ ಬೇಡ್ವಾ ನಿಂಗೆ?"

"ಬೇಕು. ಅದು ನಂದು. ನಿನ್ನ ಫೋನಲ್ಲಿದ್ರೂ ನಂದೇ. ಅದನ್ನ ಹಿಡ್ಕಂಡೋರ ಬಾಗಿಲಿಗೆ ನಾನೇ ಹೋಯ್ತೀನಿ, ಹಿಂಬಾಗಿಲಿಗಲ್ಲ, ಮುಂಬಾಗಿಲಿಗೆ. ಕೊಡ್ತಾರೋ ಬುಡ್ತಾರೋ ನಾನು ನೋಡ್ಕತೀನಿ."

ದಿಲೀಪ್ ತಿರುಗಿದ. "ಕುಸುಮಾ, ಬಾ ಇಲ್ಲಿ. ನಿನ್ನೆ ಹಾಕಿದ್ಯಲ್ಲ, ಅಂಗೇ ಹಾಕು. ಇಲ್ಲಾಂದ್ರೆ ಕಳ್ಳತನದ ಕೇಸು ಜಡಿತೀನಿ."

ಕುಸುಮ ಕದಲಿದಳು. ಒಂದು ಹೆಜ್ಜೆ ಇಟ್ಟಳು. ಮಂಚಮ್ಮ ಅವಳನ್ನು ತಡೆಯಲಿಲ್ಲ, ನೋಡಲೂ ಇಲ್ಲ. ದಿಲೀಪನನ್ನೇ ನೋಡುತ್ತ ಒಲೆಯ ಪಕ್ಕದಲ್ಲಿದ್ದ ಲೈಟರನ್ನು ಎತ್ತಿ ಅವನ ಕಡೆಗೆ ಚಾಚಿದಳು.

"ಅವಳಿಗ್ಯಾಕೆ ಹೇಳ್ತೀಯ? ತಿನ್ನೋದನ್ನ ಸುಡಬೇಕು ಅಂದ್ರೆ ನೀನೇ ಸುಡು. ನಿನ್ ಕೈ ಸಾಲ್ದಿದ್ರೆ ಈಯಮ್ಮನ ಕೈಗೆ ಕೊಡು. ನಮ್ಮ ಕೈ ಇನ್ಮೇಲೆ ಇದಕ್ಕೆ ಬರಲ್ಲ."

ದಿಲೀಪ್ ಲೈಟರ್ ತೆಗೆದುಕೊಳ್ಳಲಿಲ್ಲ. ಲಹರಿ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದಳು.

"ಕೊನೇ ಸಲ ಹೇಳ್ತಿದ್ದೀನಿ, ಮಂಚಮ್ಮ. ಹಚ್ಚು."

ಕುಸುಮ ಜಾಲರಿಯನ್ನು ನೆಲದ ಮೇಲಿಟ್ಟು ಬಂದು ಮಂಚಮ್ಮನ ಪಕ್ಕ ನಿಂತಳು.

"ಹಚ್ಚಲ್ಲ," ಎಂದಳು ಮಂಚಮ್ಮ.